ಕೊಸರು

ಲಾಡ್ಲೆಸಾಬನ ಅಡ್ಡಾದಾಗ ಕಟಗಿ ಕಿಲೋಲೆಕ್ಕ.
ಕಿಲೋಕ್ಕ ಎಂಟು. ಒಣಗಿದ್ರೂ ಎಂಟು,
ಹಸಿ ಇದ್ರೂ ಎಂಟು.
ಆಳಂದದಾಗ ರೊಟ್ಟಿ ಅಂಗಡಿ ಇಟ್ಟ ಮೊದಲ ವರ್ಷ
ಜಾಲಿ ಅಂತ ತಿಳಕೊಂಡು
ನಾ ನೀರು ಕೊಂಡು ತಂದೆ.
ಒಲಿಬಾಯಾಗ ನೊರಿ ಉಗುಳಿತು, ಸುಂಯ್ ಅಂತು,
ಹಂಚು ಕಾಯೂದ್ರಾಗ ಗಿರಾಕಿ ಎದ್ದು ಹೋದ.

‘ಎರಡು ತುಂಡು ಒಂದಕ್ಕೊಂದು ಬಡದು ಕೇಳು,’
ಅಂದಳು ನಮ್ಮತ್ತಿ ಬಂಡಮ್ಮ.
ಠಣ್ ಅಂದ್ರ ಒಣಗ್ಯಾದ.
ದಪ್ ಅಂದ್ರ ಒಳಗ ಇನ್ನಾ ಮಳಿಗಾಲ ಕುಂತದ.

ಮಣ ಅಂದ್ರ ನಾಲ್ವತ್ತು ಕಿಲೋ ಅಂತಾನ ಲಾಡ್ಲೆಸಾಬ.
ನಾಲ್ವತ್ತು ಸೇರು ಅಂತಾಳ ಅತ್ತಿ.
ಇಬ್ಬರೂ ಬೆರಳು ಮಡಚಿ ಜಗಳಾಡಿದ್ರು,
ನನಗ ಬೇಕಾದದ್ದು ಎರಡು ದಿನದ ಉರಿ.
ಬಂಡಿ ಅಂದ್ರ ಎಷ್ಟು? ಎತ್ತು ನೋಡಿ ಹೇಳಬೇಕು.
ಟ್ರ್ಯಾಲಿ ಅಂದ್ರ? ಡ್ರೈವರನ್ನ ನೋಡಿ.
ಸೊಟ್ಟ ಕಟಗಿ ಅಡ್ಡಾತಿಡ್ಡಿ ಒಟ್ಟಿ
ನಡುವ ಗಾಳಿ ತುಂಬಕೊಂಡು ಬರ್ತಾನ ಅಂವ.
ಅತ್ತಿ ಒಟ್ಟಲಿನ ಸಂದ್ಯಾಗ ಕೈ ಹಾಕ್ತಿದ್ಳು:
ಬೆರಳು ಹೋದ್ರ ಹೋಗಲಿ,
ಬಳಿ ಹೋಗಬಾರದು.
ಒಮ್ಮೆ ಮೊಣಕೈತನ ಹೋತು.
ಟ್ರ್ಯಾಲಿ ಹೆಂಗ ಬಂದಿತ್ತೋ ಹಂಗೇ ಹೊಳ್ಳಿ ಹೋತು.

ಕುಳ್ಳು ನೂರರ ಲೆಕ್ಕ.
ತೊಗರಿಕಟಗಿ ಕೊಳ್ಳೂದು ಬಂಡಿಲೆಕ್ಕ,
ಉರಿಯೂದು ನಿಮಿಷದ ಲೆಕ್ಕ.

ಥಾವರಿಬಾಯಿದು ಹೊರಿ.
ಹೊರಿಗೆ ನೂರಾ ಐವತ್ತು.
ತಾಂಡಾದಿಂದ ಹೊತ್ತು ಮೂಡೂದ್ರಾಗ ನಡಕೋತ ಬಂದು
ಬಾಗಲ ಮುಂದ ದಬ್ ಅಂತ ಇಳಿಸಾಕಿ.
ಹೊರಿ ಅಂದ್ರ ಎಷ್ಟು ತಾಯಿ ಅಂತ ಕೇಳಿದ್ರ
ಕುತಗಿ ಮುಟ್ಟಿ ತೋರಸಾಕಿ, ‘ಇಷ್ಟು.’
ಆಮ್ಯಾಲ ಸೆರಗಿನ ಗಂಟು ಬಿಚ್ಚಿ
ಮುಷ್ಟಿ ಪುರಳಿ, ಜಾಲಿ ತೊಗಟಿ,
ಸುಗ್ಗಿ ದಿನದಾಗ ನಾಕು ಬಾರಿಹಣ್ಣು.
‘ಇದು ಒಲಿ ಹಚ್ಚಲಾಕ.’
ಅದಕ್ಕ ರೇಟ್ ಇರಲಿಲ್ಲ.
ನಾನೂ ಎರಡು ರೊಟ್ಟಿ, ಮ್ಯಾಲ ಪುಂಡಿಪಲ್ಯ
ಕೈಯಾಗ ಇಡ್ತಿದ್ದೆ.
ಅದಕ್ಕೂ ಇರಲಿಲ್ಲ.

ಬಾಜೂಮನಿ ಸಂಗಮ್ಮ ಅಂದಳು,
‘ಹೊರಿ ಸಣ್ಣದಾಗ್ಯಾದ ನೋಡು, ತೂಕ ಮಾಡಿಸು.’
ನಂದೂ ಬುದ್ಧಿ.
ಕೈಗಾಡಿ ಮ್ಯಾಲ ಹೊರಿ ಹಾಕಿ ಅಡ್ಡಾಕ್ಕ ಒಯ್ದೆ.
ಥಾವರಿಬಾಯಿ ಹಿಂದಿಂದ ಬಂದಳು,
ಖಾಲಿ ತಲಿಮ್ಯಾಲ ಸಿಂಬಿ ಹಂಗೇ ಇತ್ತು.
ಕಾಂಟಾದ ಮ್ಯಾಲ ಕೆಂಪು ಅಕ್ಷರ ಕುಣಿದು ನಿಂತ್ವು:
ಇಪ್ಪತ್ತೇಳು.
ಲಾಡ್ಲೆಸಾಬ ಬಾಯಿಲೆಕ್ಕ ಮಾಡಿದ,
‘ನಮ್ಮಲ್ಲಿ ಆದ್ರ ಎರಡು ನೂರಾ ಹದಿನಾರು.’
ನನಗ ಹೇಳಿದ.
ಕೇಳಿದಾಕಿ ಅಕಿ.

ಮುಂದಿನ ವಾರ ಹೊರಿ ಬಂತು,
ಕಾಲುಪಾಲು ಸಣ್ಣದು, ಬಿಗಿಯಾಗಿ ಕಟ್ಟಿದ್ದು.
‘ಹತ್ತೊಂಬತ್ತು ಕಿಲೋ,’ ಅಂದಳು.
‘ನೂರಾ ಐವತ್ತೆರಡು ಆಗ್ತದ. ಎರಡು ಬಿಟ್ಟೀನಿ.’
ತಪ್ಪು ಅನ್ನಲಾಕ ಒಂದು ಮಾತೂ ಸಿಗಲಿಲ್ಲ ನನಗ.
ಸೆರಗಿನ ಗಂಟು ನೋಡಿದೆ.
ಗಂಟೇ ಇರಲಿಲ್ಲ.

ಇರಲಿ ಅಂತ ರೊಟ್ಟಿ ತಂದು ಚಾಚಿದೆ.
ಈಸು ವರ್ಷ ಕೇಳದಾಕಿ ಕೇಳಿದಳು,
‘ರೊಟ್ಟಿ ಹೆಂಗ?’
ಗ್ವಾಡಿಮ್ಯಾಲ ಬರದದ್ದೇ ಬಾಯಿಗೆ ಬಂತು.
ಹತ್ತು.
ನಾ ಕೊಟ್ಟ ರೊಕ್ಕದಾಗಿಂದ
ಎರಡು ಹತ್ತರ ನೋಟು ಎಣಿಸಿ
ಒಲಿಕಟ್ಟಿಮ್ಯಾಲ ಇಟ್ಟಳು,
ಗಾಳಿಗೆ ಹಾರಬಾರದಂತ
ಅವುಗಳ ಮ್ಯಾಲ ಒಂದು ಚಕ್ಕಿ.

ಬ್ಯಾಡ ಅನ್ನಬೇಕಿತ್ತು.
ಒಲಿ ಇನ್ನಾ ಹತ್ತಿರಲಿಲ್ಲ.
ಹಳಿ ಪೇಪರ್ ಹುಡುಕಲಾಕ
ಒಳಗ ಹೋದೆ.